ಕೈ ಹೊರಗ ಐತಿ

ಜಿನಗೊಂಡಣ್ಣನ ಎಣಿಕೆಗೂ ಸುವರ್ಣಾಳ ಎಣಿಕೆಗೂ ದಿನಾ ಮುಂಜಾನೆ ಒಂದು ಸೈಕಲ್ಲಿನ ಫರಕು ಬರುತ್ತಿತ್ತು. ಅವರದು ನಾನೂರಾ ಹನ್ನೆರಡಾದರೆ ಇವಳದು ನಾನೂರಾ ಹದಿಮೂರು. ಅವರದು ಮುನ್ನೂರಾ ತೊಂಬತ್ತಾದರೆ ಇವಳದು ತೊಂಬತ್ತೊಂದು. ಹೆಚ್ಚು ಬರುವುದು ಯಾವಾಗಲೂ ಇವಳದೇ, ಅದೂ ಯಾವಾಗಲೂ ಒಂದೇ.

"ನನ್ನ ಚಾಳೀಸದ ನಂಬರ ಬದಲಾಗಿರಬೇಕ ನೋಡ್ರಿ," ಎಂದು ಜಿನಗೊಂಡಣ್ಣ ಕನ್ನಡಕ ಒರೆಸಿಕೊಳ್ಳುತ್ತ ನಗುತ್ತಿದ್ದರು.

"ಇಲ್ರಿ ಅಣ್ಣಾ, ನಂದಽ ತಪ್ಪಿರತೈತಿ. ನಿಮ್ಮದಽ ಬರೀರಿ."

ತಪ್ಪು ತನ್ನದೇ ಎನ್ನುವುದು ಸುವರ್ಣಾಳಿಗೆ ಬಾಯಿಪಾಠವಾಗಿತ್ತು. ಆದರೆ ಹೆಚ್ಚಾಗಿ ಬರುವ ಆ ಒಂದು ಸೈಕಲ್ಲು ಯಾವುದು ಎಂದು ಅವಳು ಯಾರಿಗೂ ಹೇಳಿರಲಿಲ್ಲ. ವಿದ್ಯುತ್ ಮಗ್ಗದ ಮಂದಿ ತಮ್ಮ ಸೈಕಲ್ಲಿನ ಗಾಲಿಯ ನಡುವೆ, ಅಚ್ಚಿನ ಮೇಲೆ, ಉಳಿದ ಸೂತದ, ಅಂದರೆ ನೂಲಿನ, ಚಿಂದಿ ಸುತ್ತಿರುತ್ತಾರೆ. ಗಾಲಿ ತಿರುಗಿದಂತೆ ಅದು ತಾನೇ ಧೂಳು ಒರೆಸಿಕೊಂಡು ಹೋಗುತ್ತದೆ. ಎಲ್ಲರದೂ ಬಿಳಿ ಚಿಂದಿ. ಅವಳು ಹೆಚ್ಚಾಗಿ ಎಣಿಸುವ ಸೈಕಲ್ಲಿನದು ಮಾತ್ರ ನೀಲಿ. ನೀಲಿ ಸೂತ ಸುತ್ತಿಕೊಂಡಿದ್ದವನು ಹಣಮಂತ. ಹಣಮಂತ ಸತ್ತು ಆರು ತಿಂಗಳಾಗಿತ್ತು.

ಹೀಗೆ ಸೈಕಲ್ಲು ಎಣಿಸುತ್ತಿದ್ದವರದು ದೊಡ್ಡ ಸಂಸ್ಥೆಯೇನಲ್ಲ. ಇಚಲಕರಂಜಿಯ ಹೊರಗೆ ಕಬನೂರ ನಾಕಾದ ಕೂಡುರಸ್ತೆಯಲ್ಲಿ ಜಿನಗೊಂಡಣ್ಣನ ಸೈಕಲ್ ಅಂಗಡಿ. ಹಾತಕಣಂಗಲೆಯ ಕಡೆ ಹೊಲ ಇದ್ದರೂ ಎಪ್ಪತ್ತರ ಹತ್ತಿರದ ಆ ಜೈನ ಹಿರಿಯರಿಗೆ ಅಂಗಡಿಯ ಕಟ್ಟೆಯೇ ಮನೆ. ಅಲ್ಲಿ ಪಂಕ್ಚರ್ ತೆಗೆಯುವ ಗುಂಡು, ಕೊಲ್ಲಾಪುರದ ಕಾಲೇಜೊಂದರಲ್ಲಿ ಕಲಿಸುವ ಋತುಜಾ, ಬರೆಯುವ ಕೆಲಸಕ್ಕೆ ಸುವರ್ಣಾ. ಗುಂಪಿಗೆ 'ಸಾಯಕಲ್ ಸೋಬತ', ಸೈಕಲ್ಲಿನ ಜೊತೆ, ಎಂದು ಮರಾಠಿ ಹೆಸರು. ರಾತ್ರಿಪಾಳಿ ಬಿಡುವ ಏಳು ಗಂಟೆಗೆ ನಾನೂರು ಸೈಕಲ್ಲುಗಳು ಒಮ್ಮೆಲೇ ಆ ನಾಕಾ ದಾಟುತ್ತವೆ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರು, ಟ್ರಕ್ಕು, ಕಾರಖಾನೆಯ ಬಸ್ಸು. ದಾಟಲು ಒಂದು ಬಿಳಿ ಪಟ್ಟಿ, ಒಂದು ರಸ್ತೆಯುಬ್ಬು, ಪಕ್ಕದಲ್ಲಿ ಸೈಕಲ್ಲಿಗೆ ಒಂದಿಷ್ಟು ಜಾಗ: ಇಷ್ಟೇ ಅವರ ಬೇಡಿಕೆ. ಅರ್ಜಿಯ ಜೊತೆ ಎಣಿಕೆ ಬೇಕು ಎಂದು ಕೊಲ್ಲಾಪುರದ ರಸ್ತೆ ಕಚೇರಿಯವರು ಹೇಳಿದ್ದರಿಂದ ಎಣಿಕೆ ಸುರುವಾಗಿತ್ತು.

"ಕೊಲ್ಲಾಪುರದ ಮಂದಿ ಹೊಟ್ಟಿ ಕರಗಸಾಕ ಸಾಯಕಲ್ ಹೊಡೀತಾರ, ನಾವು ಹೊಟ್ಟಿ ತುಂಬಸಾಕ," ಎಂದು ಗುಂಡು ಋತುಜಾಳ ಎದುರಿಗೇ ಅನ್ನುತ್ತಿದ್ದ. "ಕರಗಸಾವ್ರಿಗೆ ರಸ್ತಾ ಅಗಲ ಬೇಕಾಗತೈತಿ. ತುಂಬಸಾವ್ರ ಹೆಂಗರ ಸಂದ್ಯಾಗ ಹೊಕ್ಕೊಂಡ ಹೋಗ್ತಾರ."

ಋತುಜಾ ಕನ್ನಡ ಅರ್ಧ ತಿಳಿದು ಪೂರ್ತಿ ನಗುತ್ತಿದ್ದಳು.

ಬರೆಯುವ ಕೆಲಸ ಸುವರ್ಣಾಳಿಗೆ ಬಂದದ್ದು ಅವಳಿಗೆ ಮರಾಠಿ, ಕನ್ನಡ ಎರಡೂ ಬರೆಯಲು ಬರುತ್ತಿತ್ತೆಂದು. ಹಗಲು ಮಗ್ಗದ ಶೆಡ್ಡಿನಲ್ಲಿ ಯಂತ್ರದ ಮುಂದೆ ನಿಂತು ಮಗ್ಗಕ್ಕೆ ಕಾಂಡಿ, ಅಂದರೆ ನೂಲಿನ ಉರುಳೆ, ಸುತ್ತಿಕೊಡುವುದು, ಸಂಜೆ ಇಚಲಕರಂಜಿಯ ರಾತ್ರಿಶಾಲೆ. ಹಾಗೆ ಅವಳು ಮೂವತ್ತೆರಡನೆಯ ವಯಸ್ಸಿಗೆ ಹತ್ತನೆಯ ಇಯತ್ತೆ ಪಾಸಾದವಳು. ಬರೆದ ಸಾಲನ್ನು ಮೂರು ಸಲ ಓದದೆ ಅವಳು ಮುಂದಿನ ಸಾಲಿಗೆ ಹೋಗಳು. ರಾತ್ರಿಶಾಲೆಯ ಮಾಸ್ತರರು ವರದಿ ಬರೆಯುವುದನ್ನು ಕಲಿಸುವಾಗ ಒಂದೇ ಮಾತು ಹೇಳುತ್ತಿದ್ದರು: ಕಂಡದ್ದನ್ನಷ್ಟೇ ಬರೀರಿ. ಅದನ್ನು ಅವಳು ದೇವರ ಮಾತಿನಂತೆ ಹಿಡಿದುಕೊಂಡಿದ್ದಳು.

ಎಣಿಸುವುದರ ಜೊತೆಗೆ ಮಂದಿಯನ್ನು ದಾಟಿಸುವುದನ್ನೂ ಸುರು ಮಾಡೋಣ ಎಂದವಳು ಋತುಜಾ. ಒಂದು ರವಿವಾರ ಎಲ್ಲರನ್ನೂ ಕೊಲ್ಲಾಪುರಕ್ಕೆ ಕರೆಸಿ, ಕಿತ್ತಳೆ ಬಣ್ಣದ ಜಾಕೀಟು ಕೊಟ್ಟು, ವಾಹನ ನಿಲ್ಲಿಸುವುದು ಹೇಗೆಂದು ಕಲಿಸಿದ್ದಳು. ತೋಳು ನೆಟ್ಟಗೆ, ಬೆರಳು ಕೂಡಿಸಿ, ಅಂಗೈ ಎದುರಿನವರಿಗೆ ಕಾಣುವಂತೆ. ಸುವರ್ಣಾ ಅದನ್ನು ವಹಿಯಲ್ಲಿ ಚಿತ್ರ ಸಮೇತ ಬರೆದುಕೊಂಡಳು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಅಂಗೈ ಎತ್ತಿ ನೋಡಿಕೊಂಡಳು. ಮೊಳಕೈ ಬಾಗಿತೇನೋ ಎಂದು ಮತ್ತೆ ಎತ್ತಿದಳು.

ಡಿಸೆಂಬರದ ಎರಡನೆಯ ವಾರ, ಮಂಜು ಬಿದ್ದ ಒಂದು ಮುಂಜಾನೆ. ಪಾಳಿ ಬಿಟ್ಟಿತ್ತು. ಹಣಮಂತ ಸಾಲಿನ ಮುಂದಿದ್ದ. ಯಡ್ರಾವದ ಮನೆಗೆ ಹೊರಟವನು, ಹಿಡಿಕೆಗೆ ಡಬ್ಬಿ ತೂಗಹಾಕಿ, ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಬಂತು. ಅದರ ಹಿಂದೆ ಒಂದಲ್ಲ, ಎರಡು ಟ್ರಾಲಿ. ಮೊದಲನೆಯದು ದಾಟಿತು. ಮಂಜಿನಲ್ಲಿ ಎರಡನೆಯದು ಅಡ್ಡ ಹಾಯುತ್ತ ಬರುವುದು ರಸ್ತೆಯ ನಡುವೆ ನಿಂತ ಸುವರ್ಣಾಳಿಗೆ ಮಾತ್ರ ಕಂಡಿತು. ಅಲ್ಲಿಯವರೆಗೆ ವಾಹನಗಳಿಗಷ್ಟೇ ಎತ್ತಿದ್ದ ಅಂಗೈಯನ್ನು ಅವಳು ಹಣಮಂತನತ್ತ ತಿರುಗಿ ಎತ್ತಿದಳು. ತೋಳು ನೆಟ್ಟಗೆ, ಬೆರಳು ಕೂಡಿಸಿ.

ಹಣಮಂತ ಅವಳ ಕೈ ನೋಡಿದ. ಗೋಣು ಹಾಕಿದ. ನೆಲಕ್ಕೂರಿದ್ದ ಕಾಲು ಎತ್ತಿ ಪೆಡಲು ತುಳಿದ.

ಮುಂದಿನದನ್ನು ಸುವರ್ಣಾ ನೆನೆಯುವುದಿಲ್ಲ. ಅದು ತಾನೇ ಬರುತ್ತದೆ. ಕಬ್ಬಿನ ಗಣಿಕೆಗಳು ರಸ್ತೆಯ ತುಂಬ ಬಿದ್ದಿದ್ದವು. ಹಾಡು ನಿಂತಿರಲಿಲ್ಲ. ಮುಂದಿನ ಗಾಲಿ ಮೇಲೆ ಮಾಡಿ ಬಿದ್ದಿದ್ದ ಸೈಕಲ್ಲಿನಲ್ಲಿ ನೀಲಿ ಚಿಂದಿ ಇನ್ನೂ ತಿರುಗುತ್ತಿತ್ತು.

ಎರಡು ದಿನಗಳ ನಂತರ ಕಚೇರಿಗೆ ಗುಂಪಿನ ವರದಿ ಹೋಗಬೇಕಿತ್ತು. ಎರಡು ಟ್ರಾಲಿ, ಮಂಜು, ಪಟ್ಟಿ ಇಲ್ಲದ ರಸ್ತೆ, ಎಲ್ಲ ಬರೆದಳು. ಆ ಕ್ಷಣಕ್ಕೆ ಬಂದಾಗ ಒಂಬತ್ತು ಸಲ ಹರಿದು ಹತ್ತನೆಯ ಸಲ ಒಂದು ಸಾಲು ಬರೆದಳು: ಸ್ವಯಂಸೇವಕಿ ಕೈ ತೋರಿಸಿ ತಡೆದರೂ ಸವಾರ ನಿಲ್ಲದೆ ಮುಂದೆ ಹೋದ. ಕಂಡದ್ದನ್ನಷ್ಟೇ ಬರೆದಿದ್ದಳು. ಗೋಣು ಹಾಕಿದ್ದನ್ನು ಬರೆಯಲಿಲ್ಲ, ಯಾಕೆಂದರೆ ಅದರ ಅರ್ಥ ಅವಳಿಗೆ ಆಗಿರಲಿಲ್ಲ.

ಅರ್ಥವಾದದ್ದು ನಾಲ್ಕನೆಯ ದಿನ, ಶೆಡ್ಡಿಗೆ ಮರಳಿದಾಗ.

ಮಗ್ಗದ ಶೆಡ್ಡಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಮೂವತ್ತು ಮಗ್ಗ ಒಮ್ಮೆಲೇ ಬಡಿಯುವಾಗ ಕಿವಿಯ ಹತ್ತಿರ ಕೂಗಿದರೂ ಕೇಳದು. ಅಲ್ಲಿ ಕೈಯೇ ಮಾತು. ಕೆಟ್ಟ ಮಗ್ಗದೊಳಗೆ ತೋಳು ಹಾಕಿ ದುರಸ್ತಿ ಮಾಡುವ ಜಾಬರ ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ ಎತ್ತಿದರೆ: ನನ್ನ ಕೈ ಒಳಗಿದೆ, ಮುಟ್ಟಬೇಡ. ದುರಸ್ತಿ ಮುಗಿಸಿ ಅಂಗೈ ಬಿಚ್ಚಿ ಎತ್ತಿದರೆ: ಕೈ ಹೊರಗ ಐತಿ, ಚಾಲೂ ಮಾಡು. ಮಗ್ಗದವನು ಗೋಣು ಹಾಕಿ ಹಿಡಿಕೆ ಎಳೆಯುತ್ತಾನೆ. ಬೆರಳು ಉಳಿಯುವುದು ಈ ಎರಡು ಸನ್ನೆಗಳ ಮೇಲೆ.

ಆ ದಿನ ಜಾಬರ ಅವಧೂತ ಎಂಟನೆಯ ಮಗ್ಗದಿಂದ ತೋಳು ಹೊರಗೆ ತೆಗೆದು, ಎಣ್ಣೆ ಮೆತ್ತಿದ ಅಂಗೈ ಎತ್ತಿದ. ಮಗ್ಗದವನು ನೋಡಿದ. ಗೋಣು ಹಾಕಿದ. ಹಿಡಿಕೆ ಎಳೆದ.

ಅದೇ ಗೋಣು. ಸುವರ್ಣಾಳ ಕೈಯಲ್ಲಿದ್ದ ಕಾಂಡಿಗಳ ಬುಟ್ಟಿ ಜಾರಿ ನೆಲಕ್ಕೆ ಚೆಲ್ಲಿತು.

ಹನ್ನೆರಡು ತಾಸು ಮಗ್ಗದ ಮುಂದೆ ನಿಂತು, ಕಿವಿ ಜಡವಾಗಿ, ಕಣ್ಣಿಂದಲೇ ಕೇಳುತ್ತ ಬಂದ ಮನುಷ್ಯನಿಗೆ ಅವಳು ಚಾಲೂ ಮಾಡು ಎಂದಿದ್ದಳು. ಬೇರೆ ಯಾರೋ ಆ ತಪ್ಪು ಮಾಡಿದ್ದರೆ ಮಾಡಲಿ. ಒಂಬತ್ತು ವರ್ಷ ಶೆಡ್ಡಿನ ಅನ್ನ ಉಂಡವಳು ತಾನು. ಆದರೆ ಆ ಮುಂಜಾನೆ ಜಾಕೀಟು ತೊಟ್ಟು ನಿಂತಿದ್ದವಳು ಶೆಡ್ಡಿನ ಸುವರ್ಣಾ ಆಗಿರಲಿಲ್ಲ. ಕಲಿತವಳಾಗಿ ನಿಂತಿದ್ದಳು. ವಹಿಯಲ್ಲಿ ಬರೆದುಕೊಂಡದ್ದನ್ನು ತಪ್ಪಿಲ್ಲದೆ ಮಾಡಿದ್ದಳು.

ಅಂದೇ ಹೇಳಬೇಕಿತ್ತು. ಮೊದಲು ಪೋಲೀಸರ ಹೆದರಿಕೆಯಾಯಿತು. ಆಮೇಲೆ, ಹೇಳಿದರೆ ಗುಂಪು ಮುಚ್ಚೀತು ಎನ್ನಿಸಿತು. ಅದರಾಚೆ ಕಾರಣವೇನೂ ಉಳಿಯಲಿಲ್ಲ. ನಿನ್ನೆ ಹೇಳದ್ದರಿಂದ ಇವತ್ತು ಹೇಳುವುದು ಇನ್ನಷ್ಟು ಕಷ್ಟವಾಯಿತು, ಅಷ್ಟೇ. ಅಂಗೈ ಕಂಡಲ್ಲೆಲ್ಲ ಅವಳು ಕಣ್ಣು ತಿರುಗಿಸುತ್ತಿದ್ದಳು. ಬಸ್ಸಿನ ಕಿಟಕಿಯಿಂದ ಯಾರೋ ಕೈ ಬೀಸಿದರೆ, ಪಕ್ಕದ ಮನೆಯ ಕೂಸು ಗಾಜಿಗೆ ಕೈ ಊರಿದರೆ. ದಿನಾ ಮುಂಜಾನೆ ಎಣಿಕೆಯ ಸಾಲಿನಲ್ಲಿ ನೀಲಿ ಚಿಂದಿಯ ಸೈಕಲ್ಲು ಬರುತ್ತಿತ್ತು. ಸವಾರನ ಮುಖ ಅವಳು ನೋಡುತ್ತಿರಲಿಲ್ಲ. ಗಾಲಿ ನೋಡಿ ಗೀಟು ಹಾಕುತ್ತಿದ್ದಳು.

ಜೂನಿನಲ್ಲಿ ಕಚೇರಿಯಿಂದ ಉತ್ತರ ಬಂತು. ಮೃತ ಸವಾರನೇ ಸೂಚನೆ ಮೀರಿದ್ದರಿಂದ ರಸ್ತೆಯ ರಚನೆಯಲ್ಲಿ ದೋಷ ಕಂಡುಬರುವುದಿಲ್ಲ. ಕೆಳಗೆ ಅವಳದೇ ಸಾಲು, ಅಡಿಗೆರೆ ಹಾಕಿ. ಆಕ್ಷೇಪವಿದ್ದರೆ ಮುಂದಿನ ಸೋಮವಾರ ಕೊಲ್ಲಾಪುರಕ್ಕೆ ಬಂದು ಹೇಳಬೇಕು.

ಅದೇ ವಾರ ಗುಂಡು ಒಂದು ನಿರೋಪ ತಂದ. ಹಣಮಂತನ ತಾಯಿ ಫಕೀರವ್ವ ಯಡ್ರಾವದ ಮನೆ ಬಿಟ್ಟು ಗಡಹಿಂಗ್ಲಜದಲ್ಲಿ ಮಗಳ ಹತ್ತಿರ ಇದ್ದಳು.

"ಆ ಸಾಲ ಬರದಾಕಿನ್ನ ಒಮ್ಮಿ ಕಳಸ್ರಿ ಅಂದ್ಲರಿ ಮುದಕಿ," ಎಂದ ಗುಂಡು. ಎಂದಿನಂತೆ ನಗಲಿಲ್ಲ. "ಕುಡದಿದ್ದಾ, ಅದಕ್ಕಽ ಕೈ ತೋರ್ಸಿದ್ರೂ ನಿಂದರಲಿಲ್ಲ ಅಂತ ಮಂದಿ ಆಡ್ಕೊಳ್ಳಾಕತ್ತಾರಂತ. ಅಂವಾ ಎಂದೂ ಕುಡದಾಂವಲ್ರಿ ಅಕ್ಕಾ."

"ನಾನೂ ಬರ್ತೇನಿ, ಒಬ್ಬಾಕಿನಽ ಹೋಗಬ್ಯಾಡ್ರಿ," ಎಂದರು ಜಿನಗೊಂಡಣ್ಣ.

"ಬ್ಯಾಡ್ರಿ ಅಣ್ಣಾ. ಇದು ನಾ ಒಬ್ಬಾಕಿನಽ ಹೋಗೂದು."

ನಿಪ್ಪಾಣಿ ದಾಟಿ ಸಂಕೇಶ್ವರದ ಮೇಲೆ ಹಾಯುವ ಎಸ್‌ಟಿ ಬಸ್ಸಿನಲ್ಲಿ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು. ಹೇಗೆ ಸುರು ಮಾಡಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದು ಹರಿದಳು.

ಗಡಹಿಂಗ್ಲಜದ ಆ ಮನೆಯ ಬಾಗಿಲ ಪಕ್ಕ ಯಾವುದೋ ಮದುವೆಯಲ್ಲಿ ಒತ್ತಿದ ಅರಿಷಿಣದ ಅಂಗೈ ಗುರುತಿತ್ತು. ಸುವರ್ಣಾ ಅದರತ್ತ ನೋಡದೆ ಒಳಗೆ ಬಂದಳು. ಫಕೀರವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಅವಳ ಮಗಳು ರೂಪಾಲಿ ಒಳಕೋಣೆಯಲ್ಲಿ ಹೊಲಿಗೆಯಂತ್ರ ನಿಲ್ಲಿಸಿ, ಇಣುಕಿ, ಮತ್ತೆ ಹೊಲಿಯತೊಡಗಿದಳು.

"ನೀನಽ ಏನು ಬರದಾಕಿ?"

"ಹೌದ್ರಿ ಆಯಿ."

"ಏನ ಬರದಿ? ನಂಗ ಓದಾಕ ಬರೂದಿಲ್ಲ. ನಿನ್ನ ಬಾಯಿಲೆ ಹೇಳ."

"ಕೈ ತೋರ್ಸಿ ತಡದ್ರೂ ನಿಲ್ಲಲಿಲ್ಲ ಅಂತ ಬರದೇನ್ರಿ."

"ಸುಳ್ಳ." ಫಕೀರವ್ವ ಮೊರ ಕೆಳಗಿಟ್ಟಳು. "ಇಪ್ಪತ್ತ ವರ್ಷ ಮಗ್ಗದಾಗ ನಿಂತಾಂವ ನನ್ನ ಮಗ. ಒಂದ ಬೆರಳ ಕಳಕೊಂಡಿಲ್ಲ, ಇನ್ನೊಬ್ರದು ಕಳದಿಲ್ಲ. ಕೈ ಕಂಡು ನಿಲ್ಲದಾಂವಲ್ಲ ಅಂವಾ. ರೊಕ್ಕ ಕೇಳಾಕ ನಾ ಕರಸಿಲ್ಲ ನಿನ್ನ. ಆ ಒಂದ ಸಾಲ ತಗಿ."

"ಸುಳ್ಳಲ್ರಿ ಆಯಿ," ಎಂದಳು ಸುವರ್ಣಾ. "ಖರೇನೂ ಅಲ್ರಿ."

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ಸೆರಗಿನಿಂದ ಬಲಗೈ ತೆಗೆದು, ಅಂಗೈ ಮುದುಕಿಯತ್ತ ಮಾಡಿ ಎತ್ತಿದಳು.

ಫಕೀರವ್ವ ಆ ಕೈ ನೋಡಿದಳು. ಹಣಮಂತ ಕೂಸಾಗಿದ್ದಾಗಿನಿಂದ ಅವಳೂ ಶೆಡ್ಡುಗಳಲ್ಲಿ ದುಡಿದವಳು. ಮಾತಿಗಿಂತ ಮೊದಲು ಅವಳ ಬಲಗೈ ತಾನಾಗಿ ಮುಂದೆ ಬಂತು, ಇಲ್ಲದ ಹಿಡಿಕೆಯೊಂದನ್ನು ಹಿಡಿದು ಎಳೆಯುವಂತೆ. ಆಮೇಲೆ ಆ ಕೈ ಗಾಳಿಯಲ್ಲೇ ನಿಂತಿತು.

"ಹಿಂಗಽ ಹಿಡದಿದ್ದಿ?"

"ಹಿಂಗಽ."

"ಮುಷ್ಟಿ ಅಲ್ಲ?"

"ಅಲ್ರಿ."

"ಅಂವಾ ಏನ ಮಾಡಿದಾ?"

"ಗೋಣ ಹಾಕಿದಾ. ಆಮ್ಯಾಲ ಹ್ವಾದಾ."

ಒಳಗೆ ಹೊಲಿಗೆಯಂತ್ರ ನಿಂತಿತ್ತು. ಫಕೀರವ್ವ ಬಹಳ ಹೊತ್ತು ಮೊರದ ಜೋಳದಲ್ಲಿ ಬೆರಳಾಡಿಸಿದಳು, ಹರಳು ಹುಡುಕುವವಳಂತೆ. ಹರಳೇನೂ ಸಿಗಲಿಲ್ಲ.

"ಹಂಗಾರ ಅಂವಾ ಮಾತ ಮೀರಿಲ್ಲ," ಎಂದಳು ಕೊನೆಗೆ. "ಹೇಳಿದಂಗ ಕೇಳ್ಯಾನ."

"ಕೇಳ್ಯಾನ್ರಿ."

"ಆರ ತಿಂಗಳ ನೀ ಎಲ್ಲಿದ್ದಿ?"

ಸುವರ್ಣಾ ಬಲಗೈಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡಳು. ದಿನಾ ನಾಕಾದಲ್ಲೇ ಇದ್ದೆ, ನಿಮ್ಮ ಮಗನನ್ನು ಎಣಿಸುತ್ತಿದ್ದೆ ಎಂದು ಯಾವ ಬಾಯಿಂದ ಹೇಳುವುದು.

"ಚಾ ಕುಡದ ಹೋಗ ಅಂತ ನಾ ಇವತ್ತ ಅನ್ನಂಗಿಲ್ಲ," ಎಂದಳು ಫಕೀರವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಸುವರ್ಣಾಳಿಗೆ ಸಹಿಸಲಾಗಲಿಲ್ಲ. "ಮುಂದ ಎಂದರ ಅಂದೇನೋ ಇಲ್ಲೋ, ಅದೂ ಗೊತ್ತಿಲ್ಲ. ಹೋಗ. ಹೋಗಿ ಅದನ್ನ ಬರಿ."

ಸೋಮವಾರ ಕೊಲ್ಲಾಪುರದ ಕಚೇರಿಯ ಪಡಸಾಲೆಯಲ್ಲಿ ಸುವರ್ಣಾ ಹೊಸದಾಗಿ ಬರೆದ ಹಾಳೆಯನ್ನು ಮೊದಲು ಋತುಜಾಳ ಕೈಗೆ ಕೊಟ್ಟಳು. ಓದುತ್ತ ಓದುತ್ತ ಋತುಜಾ ತನ್ನ ಅಂಗೈ ಎತ್ತಿ ನೋಡಿಕೊಂಡಳು.

"ಸುವರ್ಣಾತಾಯಿ," ಎಂದು ಮರಾಠಿಯಲ್ಲೇ ಕೇಳಿದಳು, "ಕೈ ಹೀಗೆ ಹಿಡಿಯಲು ನಿಮಗೆ ಕಲಿಸಿದವಳು ನಾನಲ್ಲವೇ?"

"ಮಗ್ಗದ ಸನ್ನೆ ನಿಮಗ ಗೊತ್ತಿರ್ಲಿಲ್ಲ. ನಂಗ ಗೊತ್ತಿತ್ತ."

"ಇದನ್ನು ಕೊಟ್ಟರೆ ನಮ್ಮನ್ನು ನಾಕಾದಿಂದ ಎಬ್ಬಿಸುತ್ತಾರೆ. ಎರಡು ವರ್ಷದ ಕೆಲಸ ಹೋಗುತ್ತದೆ."

ಜಿನಗೊಂಡಣ್ಣ ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ, ತುಟಿಯಾಡಿಸುತ್ತ ಪೂರ್ತಿ ಓದಿದರು. "ಖರೆ ಐತಿಲ್ಲೋ?" ಎಂದಷ್ಟೇ ಕೇಳಿದರು.

"ಐತ್ರಿ ಅಣ್ಣಾ."

"ಹಂಗಾದ್ರ ಕೊಡ್ರಿ. ಎಬ್ಬಿಸಿದ್ರ ಎದ್ದು ನನ್ನ ಅಂಗಡಿ ಕಟ್ಟಿ ಮ್ಯಾಲ ಕುಂದ್ರೂಣು."

ಒಳಗೆ ಸಾಹೇಬರು ಹಾಳೆ ಓದಿ ಸುವರ್ಣಾಳನ್ನು ಮೇಲಿಂದ ಕೆಳಗೆ ನೋಡಿದರು. "ಮಗ ಚೂಕ ಕೋಣಾಚೀ?" ಎಂದರು. ಹಾಗಾದರೆ ತಪ್ಪು ಯಾರದು?

ತಪ್ಪು ನನ್ನದೇ ಎಂಬ ಬಾಯಿಪಾಠ ನಾಲಿಗೆಯ ತುದಿಗೆ ಬಂತು. ಈ ಸಲ ಅದು ನಿಜವಿತ್ತು, ಆದರೆ ಪೂರ್ತಿ ನಿಜವಿರಲಿಲ್ಲ. ಅವಳು ರಾತ್ರಿಶಾಲೆಯ ಮರಾಠಿಯಲ್ಲಿ ತಡೆತಡೆದು ಹೇಳಿದಳು:

"ಸಾಹೇಬ, ಎತ್ತಿದ ಕೈ ನನ್ನದು. ಅದನ್ನು ಬರೆದಿದ್ದೇನೆ, ಸಹಿ ಮಾಡಿದ್ದೇನೆ. ಆತ ಹೇಳಿದಂತೆ ಕೇಳಿದ, ಅದನ್ನೂ ಬರೆದುಕೊಳ್ಳಿ. ಆದರೆ ರಸ್ತೆಯ ಮೇಲೆ ಒಂದು ಗೆರೆ ಇದ್ದಿದ್ದರೆ ಅಲ್ಲಿ ನನ್ನ ಕೈ ಬೇಕಾಗುತ್ತಿರಲಿಲ್ಲ."

ಹಳೆಯ ಸಾಲನ್ನು ತೆಗೆದರು. ಹೊಸ ಹಾಳೆ ಕಡತಕ್ಕೆ ಹೋಯಿತು. ಪಟ್ಟಿಯ ವಿಷಯ ಮತ್ತೆ ಪರಿಶೀಲಿಸುತ್ತೇವೆ ಎಂದರು; ಯಾವಾಗ ಎಂದು ಹೇಳಲಿಲ್ಲ. ಜಾಕೀಟು ತೊಟ್ಟು ಯಾರೂ ರಸ್ತೆಗೆ ಇಳಿಯಕೂಡದು ಎಂಬುದನ್ನು ಮಾತ್ರ ಅಲ್ಲೇ ಬರೆದುಕೊಟ್ಟರು. ಸುವರ್ಣಾಳ ಮೇಲೆ ಏನು ಕ್ರಮ ಎಂಬುದು ಆಮೇಲೆ ತಿಳಿಯುತ್ತದಂತೆ. ಕಚೇರಿಯ ಮೊಹರು ಬಡಿದ ಹೊಸ ಸಾಲಿನ ನಕಲನ್ನು ಅವಳು ಅಂದೇ ಗಡಹಿಂಗ್ಲಜಕ್ಕೆ ಅಂಚೆಯಲ್ಲಿ ಕಳಿಸಿದಳು. ರೂಪಾಲಿ ಓದಿ ಹೇಳಿಯಾಳು.

ಮರುದಿನ ಮುಂಜಾನೆ ಏಳಕ್ಕೆ ಅವಳು ನಾಕಾಕ್ಕೆ ಬಂದಾಗ ಮೈಮೇಲೆ ಜಾಕೀಟು ಇರಲಿಲ್ಲ. ಶೆಡ್ಡಿಗೆ ಉಡುವ ಸೀರೆ, ತಲೆಗೆ ಕಟ್ಟಿದ ವಸ್ತ್ರ.

"ಇವತ್ತ ನಮ್ಮ ಮಂದಿಹಂಗ ಕಾಣಾಕತ್ತೀರಿ ಅಕ್ಕಾ," ಎಂದ ಗುಂಡು. "ಆ ಜಾಕೀಟದಾಗ ಗ್ಯಾಸ್ ಸಿಲಿಂಡರ ಮಾರಾಕ ಬಂದಾರ ಅನಸ್ತಿತ್ತ."

"ಜಾಕೀಟ ಬ್ಯಾಡ ಅಂದಾರ, ಕೈ ಬ್ಯಾಡ ಅಂದಿಲ್ಲ," ಎಂದರು ಜಿನಗೊಂಡಣ್ಣ. ತಮ್ಮ ವಹಿ ಬಿಚ್ಚಿ ಕಟ್ಟೆಯ ಮೇಲೆ ಕೂತರು.

ಪಾಳಿ ಬಿಟ್ಟಿತು. ಗಂಟೆಗಳ ಸದ್ದು ಮೊದಲು ಬಂತು, ಆಮೇಲೆ ಸೈಕಲ್ಲುಗಳು. ಹಾತಕಣಂಗಲೆಯ ಕಡೆಯಿಂದ ಸೂತದ ಗಂಟು ಹೇರಿದ ಟ್ರಕ್ಕೊಂದು ಭರದಿಂದ ಬರುತ್ತಿತ್ತು. ಸುವರ್ಣಾ ಮಣ್ಣಿನ ಅಂಚಿನಲ್ಲೇ ನಿಂತು ಬಲಗೈ ಮುಷ್ಟಿ ಕಟ್ಟಿ ಎತ್ತಿದಳು.

ಕೈ ಒಳಗ ಐತಿ.

ಸೈಕಲ್ಲುಗಳು ನಿಂತವು. ಒಂದರ ಹಿಂದೆ ಒಂದು, ಸಾಲು ಸಾಲಾಗಿ, ಯಾರೂ ಕೂಗದೆ, ಯಾರೂ ಹೇಳದೆ. ನೂರಾರು ಕಾಲುಗಳು ನೆಲಕ್ಕಿಳಿದವು. ಗಂಟೆಗಳು ಸುಮ್ಮನಾದವು. ಇಷ್ಟು ಸರಳವಿತ್ತು. ಡಿಸೆಂಬರದಲ್ಲೂ ಇಷ್ಟೇ ಸರಳವಿತ್ತು.

ಟ್ರಕ್ಕು ದಾಟಿತು. ರಸ್ತೆ ಎರಡೂ ಕಡೆ ಖಾಲಿ. ಈಗ ಮುಷ್ಟಿ ಬಿಚ್ಚಬೇಕು.

ಬೆರಳುಗಳು ಬಿಚ್ಚಲಿಲ್ಲ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ. ಖಾಲಿ. ಮತ್ತೊಮ್ಮೆ ನೋಡಿದಳು. ಸಾಲಿನ ಕಣ್ಣುಗಳೆಲ್ಲ ಅವಳ ಮುಷ್ಟಿಯ ಮೇಲಿದ್ದವು. ಮುಷ್ಟಿ ಮೇಲಿರುವವರೆಗೆ ಮಗ್ಗದವನು ಹಿಡಿಕೆ ಮುಟ್ಟುವುದಿಲ್ಲ. ಅವರು ಹಾಗೆಯೇ ನಿಂತಿದ್ದರು, ಹನ್ನೆರಡು ತಾಸಿನ ದಣಿವು ಹೊತ್ತು, ತಾಳ್ಮೆಯಿಂದ. ಹಿಂದಿನಿಂದ ಯಾವುದೋ ರಿಕ್ಷಾ ಹಾರ್ನು ಹೊಡೆಯಿತು.

"ಅಕ್ಕಾ, ಕೈ!" ಎಂದು ಗುಂಡು ಕೂಗಿದ. "ರಸ್ತಾ ಖುಲ್ಲಾ ಐತಿ!"

ಸುವರ್ಣಾ ಒಂದೊಂದೇ ಬೆರಳು ಬಿಡಿಸಿದಳು. ಅಂಗೈ ತೆರೆಯಿತು.

ಮುಂದಿನ ಸಾಲಿನವರು ಗೋಣು ಹಾಕಿದರು. ಅವರ ಹಿಂದಿನವರೂ. ತಲೆಗಳ ಆ ಅಲೆ ಸಾಲಿನ ಕೊನೆಯವರೆಗೆ ಹೋಯಿತು, ಕಾಲುಗಳು ನೆಲ ಬಿಟ್ಟವು, ನಾನೂರು ಸೈಕಲ್ಲುಗಳು ಅವಳ ಕೈಯ ಮುಂದೆ ಹಾಯ್ದು ರಸ್ತೆ ದಾಟಿದವು. ಅವಳು ಎಣಿಸಲಿಲ್ಲ. ನೀಲಿ ಚಿಂದಿ ಹುಡುಕುತ್ತ ಗಾಲಿಗಳನ್ನೂ ನೋಡಲಿಲ್ಲ, ಮುಖಗಳನ್ನು ನೋಡುತ್ತಿದ್ದಳು.

ಕೊನೆಯವನು ದಾಟಿದ ಮೇಲೆ ಜಿನಗೊಂಡಣ್ಣ ಕಟ್ಟೆಯಿಂದ ಕೂಗಿದರು. "ನಂದು ನಾನೂರಾ ಆರ ಬಂತ್ರಿ. ಆತಿಲ್ಲ, ಕೈ ಇಳಸ್ರಿ ಇನ್ನ."

ಅವಳು ಇಳಿಸಲಿಲ್ಲ. ರಸ್ತೆ ಖಾಲಿಯಿತ್ತು, ಎರಡೂ ಕಡೆ ಏನೂ ಇರಲಿಲ್ಲ, ದಾಟುವವರಿಗೆ ಅದು ಒಳ್ಳೆಯ ಹೊತ್ತಾಗಿತ್ತು.

"ತಡೀರಿ ಅಣ್ಣಾ," ಎಂದಳು ಸುವರ್ಣಾ. "ಇನ್ನೊಂದ ಬರೂದೈತಿ."